‘ದೇವರೇ ಕ್ಷಮಿಸಿದ್ದಾನೆ ಅಕ್ಕ, ಇನ್ನು ನಿನ್ನದೇನು?’

ಪ್ರಶ್ನೆ: ಮಾನ್ಯ ಅಯ್ಯನವರಿಗೆ ವಂದನೆಗಳು. ನನಗೆ 51 ವರ್ಷ, ಊರು ಗದಗ-ಬೆಟಗೇರಿ. ನರ್ಸ್ ಆಗಿ ಮುಂಬಯಿಗೆ ಬಂದು 28 ವರ್ಷವಾಯಿತು. ಡೊಂಬಿವಲಿಯಲ್ಲಿ ಮನೆ. ತಂದೆ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ನಾನೇ ಇಲ್ಲಿಗೆ ಕರೆಸಿಕೊಂಡು ಓದಿಸಿದೆ. 2019ರ ಜೂನ್‌ನಲ್ಲಿ ನವಿ ಮುಂಬಯಿಯಲ್ಲಿ ಒಂದು ಕ್ಯಾಂಟೀನ್ ಗುತ್ತಿಗೆ ಹಿಡಿಯಲು ಅವನಿಗೆ ನಾಲ್ಕು ಲಕ್ಷ ಬೇಕಾಯಿತು. ಮಗಳ ಓದಿಗೆಂದು ಇಟ್ಟಿದ್ದ ಪಿ.ಎಫ್. ಹಣದಿಂದ 2,60,000 ತೆಗೆದೆ, ಉಳಿದ 1,40,000ಕ್ಕೆ ಬಂಗಾರ ಅಡವಿಟ್ಟೆ. ಲಾಕ್‌ಡೌನ್‌ನಲ್ಲಿ ಕ್ಯಾಂಟೀನ್ ಮುಚ್ಚಿತು. ಆಮೇಲೆ ಅವನು ಬೇರೆ ಕಡೆ ಚೆನ್ನಾಗಿಯೇ ನಿಂತುಕೊಂಡ, ಆದರೆ ನನ್ನ ಫೋನ್ ಎತ್ತುವುದನ್ನು ಬಿಟ್ಟ. ‘ಅಕ್ಕ ಅದನ್ನು ಸಾಲವೆಂದು ಕೊಟ್ಟದ್ದೇ ಅಲ್ಲ’ ಎಂದು ನೆಂಟರ ಮುಂದೆ ಹೇಳಿಕೊಂಡ. ಎರಡು ವರ್ಷದ ಹಿಂದೆ ನಮ್ಮ ಚರ್ಚ್ ಸಭೆಯಲ್ಲಿ ಎದ್ದು ನಿಂತು, ತಾನು ಹೊಸ ಮನುಷ್ಯನಾದೆನೆಂದು ಕಣ್ಣೀರಿನಿಂದ ಸಾಕ್ಷಿ ಹೇಳಿದ. ಹಣದ ಮಾತು ಅದರಲ್ಲಿ ಬರಲಿಲ್ಲ. ನಾನೇ ಕೇಳಿದಾಗ, ‘ದೇವರೇ ಕ್ಷಮಿಸಿದ್ದಾನೆ ಅಕ್ಕ, ಇನ್ನು ನಿನ್ನದೇನು?’ ಎಂದ. ಈ ವರ್ಷದ ಶುಭ ಶುಕ್ರವಾರ ಶಿಲುಬೆಯ ಏಳು ಮಾತುಗಳ ಆರಾಧನೆಯಲ್ಲಿ ಮೊದಲನೆಯ ಮಾತಿನ ಮೇಲೆ, ಅಂದರೆ ‘ತಂದೆಯೇ, ಅವರನ್ನು ಕ್ಷಮಿಸು’ ಎಂಬುದರ ಮೇಲೆ, ಮಾತನಾಡಲು ಅವನನ್ನೇ ನಿಲ್ಲಿಸಿದರು. ನಾನು ಎದ್ದು ಹೊರಗೆ ಬಂದೆ. ಅಂದಿನಿಂದ ಸಭಾಪಾಲಕರು ‘ಏಳೆಪ್ಪತ್ತು ಸಾರಿ ಕ್ಷಮಿಸಬೇಕು’ ಎಂದು ಹೇಳುತ್ತಲೇ ಇದ್ದಾರೆ. ಕರ್ತನ ಪ್ರಾರ್ಥನೆಯಲ್ಲಿ ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು’ ಎಂಬ ಆ ಒಂದು ಸಾಲು ಬಂದಾಗ ನನ್ನ ಬಾಯಿ ಕಟ್ಟುತ್ತದೆ. ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ರಾತ್ರಿಭೋಜನದ ಸಂಸ್ಕಾರಕ್ಕೂ ಹೋಗುತ್ತಿಲ್ಲ. ಈಗ ಅವನು ಮನೆ ಕೊಳ್ಳಲು ಬ್ಯಾಂಕ್ ಸಾಲ ಮಾಡುತ್ತಿದ್ದಾನೆ, ಮುಂದಿನ ತಿಂಗಳು ನಾನು ಜಾಮೀನು ಸಹಿ ಹಾಕಬೇಕಂತೆ. ಹಾಕಿದರೆ ಮಾತ್ರ ನಾನು ಕ್ಷಮಿಸಿದೆನೆಂದು ಅರ್ಥವೇ? ಕ್ಷಮಿಸದಿದ್ದರೆ ದೇವರು ನನ್ನನ್ನೂ ಕ್ಷಮಿಸುವುದಿಲ್ಲವೇ?

ಮರೆತಿದ್ದೆ: ಅಡವಿಟ್ಟದ್ದು ನಮ್ಮ ತಾಯಿಯ ನಾಲ್ಕು ಬಳೆ. 2021ರಲ್ಲಿ ಹರಾಜಾದವು.

ಉತ್ತರ: ಸಹೋದರಿ, ಮೊದಲು ಸಹಿಯ ವಿಷಯ ಮುಗಿಸೋಣ, ಏಕೆಂದರೆ ಅದಕ್ಕೆ ಗಡುವು ಇದೆ, ಉಳಿದವಕ್ಕೆ ಇಲ್ಲ. ಸಹಿ ಹಾಕಬೇಡಿ.

ಕಾರಣ ಎರಡು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸರಿಸಮ. ತಮ್ಮನು ಕಂತು ತಪ್ಪಿಸಿದ ದಿನ ಬ್ಯಾಂಕು ನೇರವಾಗಿ ನಿಮ್ಮ ಬಾಗಿಲಿಗೆ ಬರಬಹುದು. ಕ್ಷಮಿಸಿದವರು, ಕ್ಷಮಿಸದವರು ಎಂಬ ಭೇದ ಅದಕ್ಕೆ ಗೊತ್ತಿಲ್ಲ. ಇನ್ನು ಎರಡನೆಯದು ನಮ್ಮ ಬೈಬಲಿನಲ್ಲೇ ಇದೆ, ಆದರೆ ಪ್ರಸಂಗಗಳಲ್ಲಿ ಕೇಳಿಬರುವುದು ಅಪರೂಪ. ಜ್ಞಾನೋಕ್ತಿಗಳ ಪುಸ್ತಕ ಮತ್ತೊಬ್ಬರ ಸಾಲಕ್ಕೆ ಹೊಣೆಯಾಗುವುದನ್ನು ಮತ್ತೆ ಮತ್ತೆ ಎಚ್ಚರಿಸುತ್ತದೆ. 22ನೇ ಅಧ್ಯಾಯದಲ್ಲಂತೂ, ತೀರಿಸಲು ನಿನ್ನ ಹತ್ತಿರ ಏನೂ ಇಲ್ಲದಿದ್ದರೆ ನೀನು ಮಲಗಿದ ಹಾಸಿಗೆಯನ್ನೇ ಎಳೆದುಕೊಂಡು ಹೋದಾರು ಎಂಬ ಅರ್ಥದ ಮಾತಿದೆ. ಮುಂಬಯಿಯಲ್ಲಿ ನರ್ಸ್ ಕೆಲಸ ಮಾಡಿ ಮಾಡಿಕೊಂಡ ಮನೆ ನಿಮ್ಮ ಹಾಸಿಗೆ. ‘ಈ ಸಹಿ ನನ್ನಿಂದ ಆಗುವುದಿಲ್ಲ’ ಎಂದು ಹೇಳಿ, ಅಲ್ಲಿಗೇ ನಿಲ್ಲಿಸಿ. ಕಾರಣ ಕೊಡಲು ಹೊರಟರೆ ಪ್ರತಿಯೊಂದು ಕಾರಣಕ್ಕೂ ಅವರ ಹತ್ತಿರ ಒಂದು ವಚನ ಇರುತ್ತದೆ.

ಇನ್ನು ಕ್ಷಮೆಗೆ ಬರುತ್ತೇನೆ. ಸಭಾಪಾಲಕನಾಗಿ ಮತ್ತು ಆಪ್ತಸಮಾಲೋಚಕನಾಗಿ ಮುಂಬಯಿಯ ಕನ್ನಡ ಸಭೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದೇನೆ. ನಿಮ್ಮ ಪತ್ರದಲ್ಲಿರುವ ಕಥೆಯನ್ನು ಅಷ್ಟೂ ವರ್ಷ ಕೇಳಿದ್ದೇನೆ. ಹಣದ ಅಂಕಿ ಬೇರೆ, ಬಳೆಯ ಬದಲು ಊರಿನ ಹೊಲ, ತಮ್ಮನ ಬದಲು ಭಾವ. ಪ್ರತಿ ಸಲವೂ ಒಂದು ವಿಷಯ ಮಾತ್ರ ಅದೇ: ಹಣ ಕಳೆದುಕೊಂಡವರೇ ತಪ್ಪಿತಸ್ಥರ ಮುಖ ಮಾಡಿಕೊಂಡು ನನ್ನೆದುರು ಕೂತಿರುತ್ತಾರೆ.

ನಮ್ಮ ಭಾಷೆಯಲ್ಲಿ ಕ್ಷಮೆಗೆ ಒಂದು ಒಳ್ಳೆಯ ನುಡಿಗಟ್ಟಿದೆ: ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು. ತಾಯಿಯ ಕ್ಷಮೆ ಅದು. ಬೆಟಗೇರಿಯಲ್ಲಿ ನಿಮ್ಮ ತಾಯಿ ನಿಮ್ಮ ಮತ್ತು ನಿಮ್ಮ ತಮ್ಮನ ನೂರೆಂಟು ತಪ್ಪುಗಳನ್ನು ಹಾಗೆ ಹಾಕಿಕೊಂಡಿರುತ್ತಾರೆ. ಆದರೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಕ್ಷಮಿಸುವುದಕ್ಕೆ ಹೆಚ್ಚಾಗಿ ಬಳಸಿರುವ ಪದದ ಅರ್ಥ ಬಿಟ್ಟುಬಿಡುವುದು, ಬಿಡುಗಡೆ ಮಾಡುವುದು. ಸಾಲ ಬಿಟ್ಟುಕೊಡುವುದಕ್ಕೂ ಅದೇ ಪದ. ಮತ್ತಾಯನ ಸುವಾರ್ತೆಯಲ್ಲಿ ಕರ್ತನ ಪ್ರಾರ್ಥನೆಯ ಆ ಸಾಲಿನಲ್ಲಿ ಕನ್ನಡದಲ್ಲಿ ‘ತಪ್ಪು’ ಎಂದು ಓದುವ ಕಡೆ ಮೂಲದಲ್ಲಿರುವುದು ‘ಋಣ’ ಎಂಬ ಮಾತು. ನೀವು ಬಾಯಿ ಕಟ್ಟಿ ನಿಲ್ಲುವ ಸಾಲು ಮೊದಲಿಂದಲೂ ಸಾಲದ ಲೆಕ್ಕದ ಭಾಷೆಯಲ್ಲೇ ಇದೆ. ನಿಮ್ಮ ಹಣದ ಚಿಂತೆ ಲೌಕಿಕ, ಕ್ಷಮೆಯ ಮಾತು ಆತ್ಮಿಕ ಎಂದು ಯಾರಾದರೂ ಬೇರೆ ಮಾಡಿ ಹೇಳಿದರೆ ಒಪ್ಪಬೇಡಿ.

ಕರ್ನಾಟಕದವರಿಗೆ ಸಾಲಮನ್ನಾ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. (ಬೈಬಲಿನಲ್ಲಿ ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ಆಹಾರವಾಗಿ ಸಿಕ್ಕ ‘ಮನ್ನ’ ಬೇರೆ. ಆದರೆ ಚುನಾವಣೆಯ ಕಾಲದಲ್ಲಿ ಎರಡೂ ಮೇಲಿನಿಂದ ಉದುರುವಂತೆಯೇ ಕಾಣುತ್ತವೆ.) ಸರ್ಕಾರ ಸಾಲಮನ್ನಾ ಮಾಡಿದರೆ ಹಣವೇನೂ ಆವಿಯಾಗುವುದಿಲ್ಲ. ರೈತ ಕೊಡಬೇಕಾದದ್ದನ್ನು ಖಜಾನೆ ಬ್ಯಾಂಕಿಗೆ ತುಂಬಿಕೊಡುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಕೃಪೆ ಎನ್ನುವುದೂ ಹಾಗೆಯೇ: ಪಡೆಯುವವನಿಗೆ ಪುಕ್ಕಟೆ, ಕೊಡುವವನಿಗೆ ಪುಕ್ಕಟೆಯಲ್ಲ. ಶಿಲುಬೆಯನ್ನು ನಾವು ಆ ಬೆಲೆಯೆಂದೇ ಓದುತ್ತೇವೆ. ಈಗ ನಿಮ್ಮ ನಾಲ್ಕು ಲಕ್ಷಕ್ಕೆ ಬನ್ನಿ. ನೀವು ಅದನ್ನು ಬಿಟ್ಟುಕೊಟ್ಟರೆ ಹೊರುವವರು ಯಾರು? ನೀವು, ನಿಮ್ಮ ಯಜಮಾನರು, ನಿಮ್ಮ ಮಗಳು. ಹೊರುವವರಿಗೆ ಹೊರೆ ಎಷ್ಟು ತೂಗುತ್ತದೆಂದು ಗೊತ್ತಿರಬೇಕು, ಬೇಡವೆನ್ನುವ ಸ್ವಾತಂತ್ರ್ಯವೂ ಇರಬೇಕು. ನೆಂಟರ ಮುಂದೆ ನಿಮ್ಮ ಪರವಾಗಿ ತಮ್ಮನೇ ಸಾಲಮನ್ನಾ ಘೋಷಿಸಿಕೊಂಡಿದ್ದಾನೆ. ನಿಮ್ಮ ಬಾಯಿ ಕಟ್ಟುವುದು ಅದಕ್ಕೆ. ಅದರಲ್ಲಿ ಕಲ್ಲು ಮನಸ್ಸು ನನಗೆ ಕಾಣುವುದಿಲ್ಲ.

ಕೃಪೆಯ ಬಗ್ಗೆ ನಮ್ಮವರಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದು ಶಾಲೆಯಿಂದ ಬಂದದ್ದು. ಪರೀಕ್ಷೆಯಲ್ಲಿ ಮೂವತ್ತೆರಡು ಬಂದವನಿಗೆ ಮೂರು ಕೃಪಾಂಕ ಕೊಟ್ಟು ತೇರ್ಗಡೆ ಮಾಡುತ್ತಾರಲ್ಲ, ದೇವರ ಕೃಪೆಯೂ ಅಂಥದ್ದೇ ಎಂದು ಬಹಳ ಜನ ನಂಬಿದ್ದಾರೆ: ನಾವು ಒಂದಿಷ್ಟು ಗಳಿಸಬೇಕು, ಕೊರತೆ ಬಿದ್ದದ್ದನ್ನು ಅವನು ತುಂಬುತ್ತಾನೆ. ಹಾಗಾಗಿ ನಿಮಗೆ ಅನ್ನಿಸುತ್ತಿದೆ, ತಮ್ಮನನ್ನು ಕ್ಷಮಿಸುವ ಅಂಕ ನಿಮಗೆ ಬಂದಿಲ್ಲ, ಆದ್ದರಿಂದ ನಪಾಸು. ಬೈಬಲಿನಲ್ಲಿ ಅಪೊಸ್ತಲ ಪೌಲನು ಎಫೆಸ ಊರಿನ ಸಭೆಯವರಿಗೆ ಬರೆದದ್ದು ಬೇರೆ. ರಕ್ಷಣೆ ಕೃಪೆಯಿಂದ, ಅದು ದೇವರ ವರ, ನಿಮ್ಮ ಕ್ರಿಯೆಗಳ ಫಲವಲ್ಲ ಎನ್ನುತ್ತಾನೆ. ಕ್ಷಮಿಸುವುದು ಕೂಡ ಒಂದು ಕ್ರಿಯೆಯೇ. ಅದನ್ನು ಪರೀಕ್ಷೆಯ ಪತ್ರಿಕೆ ಮಾಡಿಕೊಂಡರೆ ಕೃಪೆಗೆ ಜಾಗವೇ ಉಳಿಯುವುದಿಲ್ಲ.

‘ಹಾಗಾದರೆ ಮತ್ತಾಯ 6ರಲ್ಲಿ, ನೀವು ಜನರನ್ನು ಕ್ಷಮಿಸದಿದ್ದರೆ ನಿಮ್ಮ ತಂದೆಯೂ ಕ್ಷಮಿಸುವುದಿಲ್ಲ ಎಂದು ಸ್ವಾಮಿಯೇ ಹೇಳಿದ್ದಾರಲ್ಲ’ ಎನ್ನುತ್ತೀರಿ. ಹೌದು, ಹೇಳಿದ್ದಾರೆ. ಆ ಮಾತನ್ನು ನೀರು ಬೆರೆಸಿ ತೆಳ್ಳಗೆ ಮಾಡುವ ಅಧಿಕಾರ ನನಗಿಲ್ಲ. ಆದರೆ ಅದು ಯಾರ ಕಡೆ ತಿರುಗಿದೆ ಎಂದು ತಿಳಿಯಬೇಕಾದರೆ 18ನೇ ಅಧ್ಯಾಯದ ಸಾಮ್ಯಕಥೆಯನ್ನು ನಿಧಾನವಾಗಿ ಓದಬೇಕು. ಒಬ್ಬ ಸೇವಕನಿಗೆ ಅರಸನು ಹತ್ತು ಸಾವಿರ ತಲಾಂತು ಬಿಟ್ಟುಕೊಡುತ್ತಾನೆ. ಒಂದು ತಲಾಂತು ಎಂದರೆ ಸರಿಸುಮಾರು ಆರು ಸಾವಿರ ದೆನಾರಿ, ಒಂದು ದೆನಾರಿ ಒಂದು ದಿನದ ಕೂಲಿ. ಆರು ಕೋಟಿ ದಿನದ ದುಡಿಮೆ! ಹೊರಗೆ ಬಂದ ಆ ಸೇವಕ ತನಗೆ ನೂರು ದೆನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ಪ್ರಸಂಗ ಮಾಡುವವರು ಇಲ್ಲಿ ‘ಆ ಚಿಲ್ಲರೆ ನೂರು ದೆನಾರಿಗಾಗಿ’ ಎಂದು ನಗಿಸುತ್ತಾರೆ. ನಾನೂ ಎಷ್ಟೋ ವರ್ಷ ನಗಿಸಿದ್ದೇನೆ. ಒಮ್ಮೆ ಕುರ್ಲಾದಲ್ಲಿ ಆರಾಧನೆ ಮುಗಿದ ಮೇಲೆ ಗಾರೆ ಕೆಲಸದ ಒಬ್ಬರು ನನ್ನ ಹತ್ತಿರ ಬಂದು, ‘ಅಯ್ಯನವರೇ, ನೂರು ದಿನದ ಪಗಾರ ಚಿಲ್ಲರೆಯೇ?’ ಎಂದು ಕೇಳಿದರು. ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ಬೆಳಿಗ್ಗೆ ಏಳಕ್ಕೆ ನಿಂತು, ಕರೆದರೆ ಉಂಟು ಕರೆಯದಿದ್ದರೆ ಇಲ್ಲ ಎಂದು ಬದುಕುವ ಮನುಷ್ಯ. ನೂರು ಪಗಾರ ಎಂದರೆ ಅವರಿಗೆ ನಾಲ್ಕೈದು ತಿಂಗಳ ಬಾಳು. ಅಂದಿನಿಂದ ಆ ನಗೆ ನಿಲ್ಲಿಸಿದೆ. ನೂರು ದೆನಾರಿ ನಿಜವಾದ ಸಾಲವೇ. ಯೇಸುಸ್ವಾಮಿ ಅದನ್ನು ಸುಳ್ಳೆಂದು ಎಲ್ಲೂ ಹೇಳಲಿಲ್ಲ. ಆ ಸೇವಕ ಶಿಕ್ಷೆಗೆ ಗುರಿಯಾದದ್ದು ಕುತ್ತಿಗೆ ಹಿಡಿದದ್ದಕ್ಕೆ, ಕಾಲಾವಕಾಶ ಬೇಡಿಕೊಂಡವನನ್ನು ಸೆರೆಗೆ ಹಾಕಿಸಿದ್ದಕ್ಕೆ. ನೀವು ಯಾರ ಕುತ್ತಿಗೆ ಹಿಡಿದಿದ್ದೀರಿ? ನಿಮ್ಮ ತಮ್ಮ ಕಾಲಾವಕಾಶ ಬೇಡಿಕೊಂಡದ್ದಾದರೂ ಯಾವಾಗ?

ಇದೇ 18ನೇ ಅಧ್ಯಾಯದಲ್ಲಿ ನಿಮ್ಮ ಸಭಾಪಾಲಕರು ಹೇಳುವ ‘ಏಳೆಪ್ಪತ್ತು ಸಾರಿ’ಯೂ ಇದೆ. ಎಷ್ಟು ಸಾರಿ ಕ್ಷಮಿಸಬೇಕು ಎಂಬ ಶಿಷ್ಯ ಪೇತ್ರನ ಪ್ರಶ್ನೆಗೆ ಯೇಸುಸ್ವಾಮಿಯಿಂದ ಬಂದ ಉತ್ತರ ಅದು. ಅದಕ್ಕಿಂತ ಕೆಲವೇ ವಚನ ಹಿಂದೆ, 15ರಿಂದ 17ರವರೆಗೆ ಓದಿದರೆ ಅಲ್ಲಿ ಇರುವುದು ಇದು: ನಿನ್ನ ಸಹೋದರನು ತಪ್ಪು ಮಾಡಿದರೆ ಹೋಗಿ, ಇಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತಿಳಿಸು. ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಲೂಕನ 17ರಲ್ಲೂ ಮೊದಲು ಗದರಿಸು, ಅವನು ಮಾನಸಾಂತರಪಟ್ಟರೆ, ಅಂದರೆ ಪಶ್ಚಾತ್ತಾಪಪಟ್ಟು ತಿರುಗಿಕೊಂಡರೆ, ಕ್ಷಮಿಸು ಎಂದಿದೆ. ಏಳೆಪ್ಪತ್ತನ್ನು ಇಟ್ಟುಕೊಂಡು ಹದಿನೈದನ್ನು ಬಿಟ್ಟವರು ಅರ್ಧ ಚೀಟಿ ಓದಿ ಔಷಧಿ ಕೊಟ್ಟ ಹಾಗೆ. ಆಸ್ಪತ್ರೆಯಲ್ಲಿ ಹಾಗೆ ಮಾಡಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೇ?

‘ಕ್ಷಮಿಸಿ ಮರೆತುಬಿಡಬೇಕು’ ಎಂಬ ಮಾತು ಬೈಬಲಿನಲ್ಲಿ ಇಲ್ಲ. ಯೆರೆಮೀಯ 31ರಲ್ಲಿ ದೇವರು ‘ಅವರ ಪಾಪವನ್ನು ಇನ್ನು ನೆನಪಿಗೆ ತಂದುಕೊಳ್ಳುವುದಿಲ್ಲ’ ಎನ್ನುತ್ತಾನೆ. ಅದು ದೇವರು ತನ್ನ ಮೇಲೆ ತಾನೇ ಹಾಕಿಕೊಂಡ ಕಟ್ಟು, ನಮಗೆ ಕೊಟ್ಟ ಆಜ್ಞೆಯಲ್ಲ. ಯೋಸೇಫನನ್ನು ನೋಡಿ. ತನ್ನನ್ನು ಮಾರಿದ ಅಣ್ಣಂದಿರು ಐಗುಪ್ತಕ್ಕೆ (ಈಜಿಪ್ಟಿಗೆ) ಧಾನ್ಯಕ್ಕೆ ಬಂದಾಗ ಅವನು ಮರೆಗೆ ಹೋಗಿ ಅತ್ತ, ಆದರೆ ತಾನು ಯಾರೆಂದು ಕೂಡಲೇ ಹೇಳಲಿಲ್ಲ. ಅವರು ಬದಲಾಗಿದ್ದಾರೆಯೇ ಎಂದು ಪರೀಕ್ಷಿಸಿದ. ಕಿರಿಯ ತಮ್ಮ ಬೆನ್ಯಾಮೀನನಿಗಾಗಿ ಆ ಅಣ್ಣಂದಿರಲ್ಲೊಬ್ಬನಾದ ಯೆಹೂದನು ತನ್ನನ್ನೇ ಗುಲಾಮನಾಗಿ ಒಪ್ಪಿಸಿಕೊಳ್ಳಲು ಮುಂದೆ ಬಂದ ಮೇಲೆ ಮಾತ್ರ ತಡೆಯಲಾರದೆ ಬಾಯಿ ಬಿಟ್ಟ. ಆ ತಡವನ್ನು ಬೈಬಲ್ ಎಲ್ಲಿಯೂ ದೂರುವುದಿಲ್ಲ.

ರಾತ್ರಿಭೋಜನದಿಂದ ದೂರ ಉಳಿದದ್ದರ ಬಗ್ಗೆ. ‘ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಹೋಗಿ ಒಂದಾಗು’ ಎಂಬ ಮತ್ತಾಯ 5ರ ಮಾತು ನಿಮ್ಮನ್ನು ತಡೆದಿದೆ ಎಂದು ನನ್ನ ಊಹೆ. ಆ ವಚನವನ್ನು ಇನ್ನೊಮ್ಮೆ ಓದಿ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದಿದೆ ಅಲ್ಲಿ. ಎದ್ದು ಹೋಗಬೇಕಾದವನು ತಪ್ಪು ಮಾಡಿದವನು. ಅಂದು ಶುಭ ಶುಕ್ರವಾರ ಪ್ರಸಂಗಪೀಠ ಬಿಟ್ಟು ಇಳಿಯಬೇಕಾಗಿದ್ದವನು ನಿಮ್ಮ ತಮ್ಮ, ಎದ್ದು ಹೊರಗೆ ಹೋದವರು ನೀವು. ಪೌಲನು ಕೊರಿಂಥದವರಿಗೆ ಅಯೋಗ್ಯವಾಗಿ ಭೋಜನ ಮಾಡಬೇಡಿ ಎಂದು ಬರೆದದ್ದೂ ಮನಸ್ಸು ನೊಂದವರನ್ನು ಕುರಿತಲ್ಲ. ಬಡವರು ಹಸಿದಿರುವಾಗ ತಾವು ಮೊದಲೇ ಉಂಡು ಕೂತವರನ್ನು ಕುರಿತು ಬರೆದದ್ದು ಅದು. ಬರುವ ಭಾನುವಾರ ಹೋಗಿ ತೆಗೆದುಕೊಳ್ಳಿ. ನ್ಯಾಯವಾಗಿ ಹೇಳಬೇಕೆಂದರೆ ನಿಮ್ಮ ಕಡೆಗೂ ಒಂದು ವಚನ ಇದೆ: ಪ್ರಾರ್ಥನೆಗೆ ನಿಂತಾಗ ಯಾರ ಮೇಲೆ ಏನಿದ್ದರೂ ಕ್ಷಮಿಸಿರಿ ಎಂಬ ಮಾರ್ಕನ 11. ಅಲ್ಲಿ ಎದುರಾಳಿ ಇಲ್ಲ, ನೆಂಟರಿಲ್ಲ, ಸಹಿ ಮಾಡುವ ಕಾಗದವಿಲ್ಲ. ದೇವರೆದುರು ನೀವೊಬ್ಬರೇ ಮಾಡುವ ಕೆಲಸ ಅದು: ಇವನಿಗೆ ಕೇಡಾಗಲಿ ಎಂದು ಬಯಸುವುದನ್ನು ಬಿಡುತ್ತೇನೆ, ತೀರ್ಪು ನಿನಗೆ ಬಿಟ್ಟಿದ್ದೇನೆ ಎಂದು ಒಪ್ಪಿಸುವುದು. ಇವತ್ತು ಒಪ್ಪಿಸಿದ್ದನ್ನು ನಾಳೆ ಲೋಕಲ್ ರೈಲಿನಲ್ಲಿ ಅವನ ನೆನಪಾದಾಗ ಮತ್ತೆ ಕಿತ್ತುಕೊಳ್ಳುತ್ತೀರಿ. ಆಗ ಮತ್ತೆ ಒಪ್ಪಿಸಿ. ನನಗೆ ಏಳೆಪ್ಪತ್ತು ಸಾರಿಯ ಅರ್ಥ ತಿಳಿದದ್ದು ಹೀಗೆ: ಒಂದೇ ತಪ್ಪನ್ನು ಅಷ್ಟು ಸಲ ಕ್ಷಮಿಸಬೇಕಾಗುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಊರಿನ ಮನೆ ಪಾಲಿನ ವಿಷಯಕ್ಕೆ ನನ್ನ ಸ್ವಂತ ಅಣ್ಣನ ಜೊತೆ ಒಂಬತ್ತು ವರ್ಷ ಮಾತು ಬಿಟ್ಟಿದ್ದೆ. ಆ ಒಂಬತ್ತು ವರ್ಷವೂ ಪ್ರತಿ ಭಾನುವಾರ ಕೈಯೆತ್ತಿ ಸಮಾಧಾನದ ಆಶೀರ್ವಾದ ಹೇಳಿದ್ದೇನೆ. ‘ಆ ಸಾಲು’ ಬಂದಾಗ ನನ್ನ ದನಿ ಮೈಕಿನಲ್ಲಿ ಸ್ವಲ್ಪವೂ ತಗ್ಗುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಆ ಸಾಲಿನಲ್ಲಿ ಬಾಯಿ ಕಟ್ಟುವ ನೀವು ನನಗಿಂತ ಪ್ರಾಮಾಣಿಕರು. ಅದನ್ನು ವರದಿಯ ಹಾಗೆ ಓದಬೇಡಿ, ಬೇಡಿಕೆಯ ಹಾಗೆ ಹೇಳಿ ನೋಡಿ: ನನ್ನ ಋಣ ಬಿಡು, ಬಿಡುವುದನ್ನು ನನಗೂ ಕಲಿಸು. ಅಷ್ಟೂ ಆಗದಿದ್ದರೆ ಆ ಸಾಲಿನಷ್ಟು ಹೊತ್ತು ಪಕ್ಕದವರು ನಿಮ್ಮ ಪರವಾಗಿ ಹೇಳಲಿ. ಸಭೆ ಇರುವುದು ಅದಕ್ಕೂ ಹೌದು.

ಸಭಾಪಾಲಕರು ಅವಸರ ಮಾಡುವುದು ಏಕೆ ಎಂದರೆ, ಅವರು ಕೆಟ್ಟವರೆಂದಲ್ಲ. ಮುಂಬಯಿಯ ಕನ್ನಡ ಸಭೆ ಚಿಕ್ಕದು. ಊರಿನಿಂದ ಬಂದವನಿಗೆ ಬಾಡಿಗೆ ಕೋಣೆ, ಕೆಲಸ, ಹೆಣ್ಣು-ಗಂಡು, ಹೆಣ ಹೊರಲು ಹೆಗಲು, ಎಲ್ಲವೂ ಅದೇ ನೂರಿನ್ನೂರು ಜನರ ನಡುವೆಯೇ ಸಿಗಬೇಕು. ಎರಡು ಮನೆಗಳ ನಡುವೆ ಮಾತು ನಿಂತರೆ ಕ್ರಿಸ್‌ಮಸ್ ಕ್ಯಾರಲ್ ಗುಂಪಿನಿಂದ ಹಿಡಿದು ಮಹಿಳಾ ಕೂಟದ ಚಹಾದವರೆಗೆ ಎಲ್ಲವೂ ಎರಡಾಗುತ್ತದೆ. ಆಗ ಯಾರು ಬೇಗ ಮಣಿಯುತ್ತಾರೋ ಅವರ ಹತ್ತಿರ ಹೋಗುವುದು ಸುಲಭ. ಮಣಿಯುವವರು ಸಾಮಾನ್ಯವಾಗಿ ಅಕ್ಕಂದಿರು. ನೀವಂತೂ ತಾಯಿಯ ಜಾಗದಲ್ಲಿ ನಿಂತು ಬೆಳೆಸಿದವರು. ನಿಮ್ಮಿಂದ ‘ಹೊಟ್ಟೆಗೆ ಹಾಕಿಕೊಳ್ಳುವುದನ್ನು’ ಎಲ್ಲರೂ ಹಕ್ಕಿನಂತೆ ಕೇಳುತ್ತಾರೆ.

ನಿಮ್ಮ ತಮ್ಮನಿಗೂ ನ್ಯಾಯ ಸಲ್ಲಬೇಕು. ಲಾಕ್‌ಡೌನ್‌ನಲ್ಲಿ ಕ್ಯಾಂಟೀನ್ ಮುಚ್ಚಿದ್ದು ಅವನ ಪಾಪವಲ್ಲ, ನಷ್ಟ. ಅದಕ್ಕೆ ಕ್ಷಮೆಯೇ ಬೇಕಾಗಿಲ್ಲ. ಫೋನ್ ಎತ್ತದಿದ್ದದ್ದು, ಸಾಲವನ್ನು ಉಡುಗೊರೆಯೆಂದು ನೆಂಟರಲ್ಲಿ ಹಬ್ಬಿಸಿದ್ದು, ಕೈ ತಿರುಗಿದ ಮೇಲೂ ಒಂದು ರೂಪಾಯಿ ಕೊಡದಿದ್ದದ್ದು, ಈ ಮೂರೂ ತಪ್ಪು. ನೀವು ಇವನ್ನು ಬೇರೆ ಬೇರೆ ಮಾಡದಿದ್ದರೆ ಅವನು ನಷ್ಟವನ್ನು ಮುಂದಿಟ್ಟು ತಪ್ಪನ್ನು ಅದರ ಹಿಂದೆ ಅಡಗಿಸುತ್ತಾನೆ. ಅವನ ಮಾನಸಾಂತರ ಸುಳ್ಳೆಂದು ನಾನು ಹೇಳಲಾರೆ. ಅರ್ಧ ದಾರಿಯಲ್ಲಿ ನಿಂತಿದೆ ಎಂದು ಮಾತ್ರ ಹೇಳಬಲ್ಲೆ. ಸುಂಕ ವಸೂಲಿಯ ಜಕ್ಕಾಯ, ಯೇಸುವನ್ನು ನೋಡಲು ಹತ್ತಿದ್ದ ಮರದಿಂದ ಇಳಿದವನೇ, ಯಾರಿಂದ ಅನ್ಯಾಯವಾಗಿ ಕಿತ್ತುಕೊಂಡೆನೋ ಅವರಿಗೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಯಾಜಕಕಾಂಡ 6ರಲ್ಲಿ ಅಸಲಿನ ಜೊತೆ ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸುವ ನಿಯಮ ಇದೆ. ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥವೂ ಪಾಪನಿವೇದನೆಯ ಭಾಗದಲ್ಲಿ, ಕ್ಷಮೆ ಸಿಕ್ಕ ಮೇಲೂ ಆದ ಹಾನಿಯನ್ನು ಸಾಧ್ಯವಾದಷ್ಟು ಸರಿಪಡಿಸಬೇಕು ಎಂದು ಹೇಳಿ, ಮೊದಲ ಉದಾಹರಣೆಯಾಗಿ ಕದ್ದ ಸೊತ್ತನ್ನು ಹಿಂದಿರುಗಿಸುವುದನ್ನೇ ಕೊಡುತ್ತದೆ. ಐದನೆಯ ಒಂದು ಪಾಲು ಸೇರಿಸಿದರೆ ನಿಮ್ಮದು 4,80,000. 2019ರಲ್ಲಿ ಹತ್ತು ಗ್ರಾಂ ಚಿನ್ನ ಮೂವತ್ತೈದು ಸಾವಿರದ ಆಸುಪಾಸಿನಲ್ಲಿತ್ತು, ಈಗ ಅದರ ಎರಡರಷ್ಟಕ್ಕಿಂತ ಹೆಚ್ಚಾಗಿದೆ. ಅಂದರೆ ಯಾಜಕಕಾಂಡದ ಲೆಕ್ಕದಲ್ಲೂ ನಿಮ್ಮ ಬಳೆ ವಾಪಸು ಬರುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಎಲ್ಲದರಲ್ಲೂ ಮುಳ್ಳಿದೆ.

ಪೂರ್ತಿ ಬಿಟ್ಟುಕೊಡಬಹುದು. ಅದು ದೊಡ್ಡ ಕೆಲಸ, ಮನಸ್ಸು ಬಂದರೆ ತಡೆಯುವುದಿಲ್ಲ. ಆದರೆ ಯಜಮಾನರನ್ನೂ ಮಗಳನ್ನೂ ಕೇಳದೆ ಬಿಡಬೇಡಿ. ಪಿ.ಎಫ್. ಹಣ ಮಗಳ ಓದಿನದು ಎಂದು ನೀವೇ ಬರೆದಿದ್ದೀರಿ, ಅವಳ ಪಾಲನ್ನು ನೀವು ಕ್ಷಮಿಸಲು ಬರುವುದಿಲ್ಲ. ಒತ್ತಡಕ್ಕೆ ಬಿಟ್ಟುಕೊಟ್ಟ ಸಾಲ ಮುಂದೆ ಪ್ರತಿ ಮದುವೆ, ಪ್ರತಿ ನಾಮಕರಣದಲ್ಲೂ ಎದ್ದು ಕೂರುತ್ತದೆ. ಬಿಡುವುದಾದರೆ ಮೊತ್ತ ಹೇಳಿ ಬಿಡಿ: ‘ನಾಲ್ಕು ಲಕ್ಷ ಬಿಟ್ಟಿದ್ದೇನೆ.’ ‘ಅದೇನೋ ಹಳೆಯದು ಹೋಗಲಿ’ ಎಂದರೆ ಬಿಟ್ಟಂತೆಯೂ ಅಲ್ಲ, ಇಟ್ಟುಕೊಂಡಂತೆಯೂ ಅಲ್ಲ.

ದೇವರೆದುರು ಕ್ಷಮಿಸಿ, ಹಣ ಕೇಳಬಹುದು. ಎರಡೂ ಒಟ್ಟಿಗೆ ಇರಬಲ್ಲವೇ ಎಂದು ಜನ ಹುಬ್ಬು ಹಾರಿಸುತ್ತಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ವಾಹನದಲ್ಲೇ ಸುಟ್ಟಾಗ, ಅವರ ಪತ್ನಿ ಗ್ಲ್ಯಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆಂದರು. ಮೊಕದ್ದಮೆ ನಿಲ್ಲಲಿಲ್ಲ, ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆ ಸುಪ್ರೀಂ ಕೋರ್ಟಿನವರೆಗೂ ಹೋಗಿ ಸ್ಥಿರವಾಯಿತು. ಆಕೆಯ ಕ್ಷಮೆ ಅದರಿಂದ ಕಡಿಮೆಯಾಯಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ನಿಮ್ಮ ದಾರಿಯಲ್ಲಿರುವ ಮುಳ್ಳು ಸಣ್ಣದು: ‘ಇನ್ನೂ ಲೆಕ್ಕ ಹಿಡಿದು ಕೂತಿದ್ದಾಳೆ’ ಎಂಬ ಗುಸುಗುಸು ಕೆಲವು ತಿಂಗಳು ಇರುತ್ತದೆ. ಕೋರ್ಟಿನ ದಾರಿ ಮಾತ್ರ ಈಗ ಇಕ್ಕಟ್ಟಾಗಿದೆ. ಕೈಸಾಲಕ್ಕೆ ಕಾನೂನಿನ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ಕೋವಿಡ್ ಕಾಲವನ್ನು ಕಳೆದರೂ ನಿಮ್ಮದು ದಾಟಿರುವಂತೆ ಕಾಣುತ್ತದೆ. ಆದರೆ ಕಾಲಮಿತಿ ದಾಟಿದ ಸಾಲವನ್ನು ತೀರಿಸುತ್ತೇನೆಂದು ಅವನೇ ಬರೆದು ಸಹಿ ಹಾಕಿಕೊಟ್ಟರೆ, ಆ ಬರಹಕ್ಕೆ ಅದೇ ಕರಾರು ಕಾಯ್ದೆಯ 25ನೇ ಕಲಮಿನಲ್ಲಿ ಬೆಲೆ ಇದೆ. ವಕೀಲರನ್ನು ಕೇಳಿಕೊಳ್ಳಿ.

ಕೆಲವು ಕಾಲ ದೂರ ಇರಬಹುದು. ಗಾಯ ಹಸಿಯಾಗಿರುವಾಗ ಅದು ಸರಿಯೇ, ಆದರೆ ದೂರ ಬಲು ಬೇಗ ರೂಢಿಯಾಗುತ್ತದೆ. ನನ್ನ ಒಂಬತ್ತು ವರ್ಷದಲ್ಲಿ ಸಿಟ್ಟು ಇದ್ದದ್ದು ಮೊದಲ ಎರಡು ವರ್ಷ ಮಾತ್ರ. ಉಳಿದ ಏಳು ಬರೀ ರೂಢಿ.

ಒಂದು ಮಾತು ಬೇರೆ ಓದುಗರಿಗೆ. ಇಲ್ಲಿ ಹೇಳಿದ್ದು ಹಣದ ವಿಷಯ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ, ಮಗುವಿನ ಮೇಲೆ ಕೈ ಹಾಕಿದವನ ಬಗ್ಗೆ ತಿಳಿದಿರುವವರಿಗೆ ಕ್ಷಮೆಯ ಪಾಠ ಮೊದಲು ಬರುವುದಿಲ್ಲ. ಮೊದಲು 112ಕ್ಕೆ ಫೋನ್ ಮಾಡಿ. ಮಗುವಿನ ವಿಷಯದಲ್ಲಿ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಸಭಾಪಾಲಕರಿಗೂ ವಿನಾಯಿತಿ ಇಲ್ಲ.

ನನ್ನನ್ನು ಕೇಳಿದರೆ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ, ಅದರಲ್ಲೂ ಕಾಗದದ ಮೇಲೆ. ಏಕೆಂದು ಒಂದು ಘಟನೆಯಿಂದ ತಿಳಿದೀತು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸಾಕಿನಾಕಾದ ಕಡೆ ಇಬ್ಬರು ಷಡ್ಡಕರು ಕೂಡಿ ಇಡ್ಲಿ-ದೋಸೆಯ ಚಿಕ್ಕ ಅಂಗಡಿ ನಡೆಸುತ್ತಿದ್ದರು. ಒಬ್ಬರು ಗಲ್ಲಾದಿಂದ ಹಣ ಎತ್ತುತ್ತಿದ್ದದ್ದು ಬಯಲಾಯಿತು. ಇಬ್ಬರೂ ನನ್ನ ಮನೆಗೆ ಬಂದರು. ತಪ್ಪು ಮಾಡಿದವರು ಬಾಗಿಲಲ್ಲೇ ಒಮ್ಮೆ, ಕೂತ ಮೇಲೆ ಎರಡು ಸಲ ‘ತಪ್ಪಾಯಿತು, ಕ್ಷಮಿಸಿ’ ಎಂದರು, ಒಣ ಕಣ್ಣಿನಲ್ಲಿ. ನಾನು ಒಂದು ಹಾಳೆ ಕೊಟ್ಟು, ಏನು ತಪ್ಪಾಯಿತೆಂದು ಬರೆಯಿರಿ ಎಂದೆ. ‘ನಾನು ಸುಮಾರು ಎರಡು ಲಕ್ಷ’ ಎಂದು ಶುರು ಮಾಡಿದರು. ಇನ್ನೊಬ್ಬರು ಏನೂ ಹೇಳಲಿಲ್ಲ. ಇಡ್ಲಿ ತಟ್ಟೆ ಎತ್ತಿ ಎತ್ತಿ ಉಗಿಯಿಂದ ಸುಟ್ಟಿದ್ದ ತೋರುಬೆರಳನ್ನು ‘ಸುಮಾರು’ ಎಂಬ ಪದದ ಮೇಲೆ ಇಟ್ಟರು. ಅಷ್ಟೇ. ಬಹಳ ಹೊತ್ತು ಪೆನ್ನು ಮೇಲೇಳಲಿಲ್ಲ. ಆಮೇಲೆ ಅವರು ಆ ಪದ ಹೊಡೆದು ಹಾಕಿ 2,13,500 ಎಂದು ಬರೆದರು. ಬರೆದ ಮೇಲೆ ಅತ್ತರು. ಅಲ್ಲಿಯವರೆಗೆ ನಾನು ಆ ಮನುಷ್ಯನ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಇನ್ನೊಬ್ಬರು ಹಾಳೆಯನ್ನು ಎರಡು ಸಲ ಓದಿ, ‘ಆ ಹದಿಮೂರೂವರೆ ಸಾವಿರ ಬಿಟ್ಟೆ, ಎರಡು ಲಕ್ಷ ಬರಲೇಬೇಕು’ ಎಂದರು. ಮೂರು ವರ್ಷದ ಕಂತಿನಲ್ಲಿ ಬಂತು. ಅಂಗಡಿಯನ್ನು ಮತ್ತೆ ಜೊತೆಯಲ್ಲಿ ನಡೆಸಲಿಲ್ಲ. ನಡೆಸಬೇಡಿ ಎಂದು ನಾನೇ ಹೇಳಿದೆ. ಆದರೆ ಮಕ್ಕಳ ಮದುವೆಯಲ್ಲಿ ಪರಸ್ಪರ ಓಡಾಡಿದರು.

ನಿಮ್ಮ ಸಭಾಪಾಲಕರ ಹತ್ತಿರ ಈ ಉತ್ತರದ ಪ್ರತಿ ತೆಗೆದುಕೊಂಡು ಹೋಗಿ. ಬೈಬಲಿನಲ್ಲಿ ಪೌಲನು ಫಿಲೆಮೋನನಿಗೆ ಬರೆದ ಪತ್ರ ಓದೋಣವೇ ಎಂದು ಕೇಳಿ, ಇರುವುದು ಬರೀ 25 ವಚನ. ಯಜಮಾನ ಫಿಲೆಮೋನನ ಮನೆ ಬಿಟ್ಟು ಹೋಗಿದ್ದ ಗುಲಾಮ ಒನೇಸಿಮನನ್ನು ಹಿಂದಕ್ಕೆ ಕಳಿಸುವಾಗ ಪೌಲನು ಫಿಲೆಮೋನನಿಗೆ ‘ಹಳೆಯದನ್ನು ಮರೆತುಬಿಡು’ ಎನ್ನಲಿಲ್ಲ. ಅವನು ನಿನಗೆ ಏನಾದರೂ ಕೊಡಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ಪೌಲನೆಂಬ ನಾನೇ ಕೈಯಾರೆ ಬರೆದಿದ್ದೇನೆ, ನಾನೇ ತೀರಿಸುತ್ತೇನೆ ಎಂದ. ಮಧ್ಯಸ್ಥಿಕೆ ಮಾಡುವವರಿಗೆ ಅದು ಮಾದರಿ. ನನ್ನ ಸೇವೆಯ ಕಾಲದಲ್ಲಿ ಸಮಾಧಾನದ ಉಪದೇಶ ಮಾಡಿದ ಸಭಾಪಾಲಕರು ತಮ್ಮ ಜೇಬಿಗೆ ಕೈ ಹಾಕಿದ್ದನ್ನು ಒಂದೇ ಸಲ ಕಂಡಿದ್ದೇನೆ, ಆ ಒಬ್ಬರು ನಾನಲ್ಲ. ನಿಮ್ಮವರು ಹಣ ಕೊಡುವುದು ಬೇಡ. ಹಿರಿಯರಿಬ್ಬರೊಡನೆ ಸಾಕ್ಷಿಯಾಗಿ ಕೂತು, ತಿಂಗಳ ಕಂತು ಬಂತೇ ಇಲ್ಲವೇ ಎಂದು ಕೇಳುವ ಹೊಣೆ ಹೊತ್ತರೆ ಸಾಕು. ತಮ್ಮನು ತಿಂಗಳಿಗೆ ಐದು ಸಾವಿರ ಕೊಡುತ್ತೇನೆಂದರೂ ಒಪ್ಪಿ. ಮೊದಲ ಕಂತು ಬಂದ ದಿನ ನಿಮ್ಮ ಎದೆಯಲ್ಲಿ ಏನೋ ಸಡಿಲವಾಗುತ್ತದೆ. ಬಾರದಿದ್ದರೆ ಜಾಮೀನು ಹಾಕದಿದ್ದದ್ದು ಎಷ್ಟು ಒಳ್ಳೆಯದಾಯಿತೆಂದು ತಿಳಿಯುತ್ತದೆ.

ಅದಕ್ಕೆ ಮೊದಲು, ಮತ್ತಾಯ ಹೇಳಿದ ಹಾಗೆ, ಇಬ್ಬರೇ ಇರುವಾಗ ಅವನಿಗೆ ಒಂದು ಪತ್ರ ಓದಿ ಹೇಳಿ. ಮನೆಯಲ್ಲಿ ಬೇಡ, ಸಭೆಯಲ್ಲಿ ಬೇಡ. ದಾದರ್‌ನಲ್ಲೋ ಮಾಟುಂಗಾದಲ್ಲೋ ಒಂದು ಹೋಟೆಲಿನ ಮೂಲೆಯ ಮೇಜು ಸಾಕು. ಪತ್ರವನ್ನು ಈ ವಾರವೇ ಬರೆಯಲು ಕುಳಿತುಕೊಳ್ಳಿ. ನನಗೆ ಬರೆಯುವಾಗ ಬಳೆಗಳನ್ನು ಕೊನೆಗೆ, ಮರೆತಿದ್ದೆ ಎಂದು ಸೇರಿಸಿದ್ದೀರಿ. ಅವನಿಗೆ ಬರೆಯುವಾಗ ಅವನ್ನು ಮೊದಲ ಸಾಲಿಗೆ ತನ್ನಿ: ಎಷ್ಟು ಗ್ರಾಂ ಇದ್ದವು, ತಾಯಿ ಯಾವಾಗ ಮಾಡಿಸಿಕೊಂಡದ್ದು, ಯಾವ ದಿನ ನಿಮ್ಮ ಕೈಗೆ ತೊಡಿಸಿದರು. ನಾಲ್ಕು ಲಕ್ಷದ ಅಂಕಿ ಅದರ ಕೆಳಗೆ ಬರಲಿ.